ಮಧ್ಯಾಹ್ನದ ಕರೆಂಟು, ಸಂಜೆಯ ಕರೆಂಟು

ಕುಷ್ಟಗಿ ತಾಲ್ಲೂಕಿನ ನಮ್ಮೂರಲ್ಲಿ ದೊಡ್ಡಪ್ಪನ ತಲೆದಿಂಬಿನ ಪಕ್ಕ ಸದಾ ಒಂದು ಬ್ಯಾಟರಿ, ಒಂದು ಬಡಿಗೆ ಇರುತ್ತಿದ್ದವು. ರಾತ್ರಿ ಪಾಳಿಯ ವಾರ ಬಂತೆಂದರೆ ಹನ್ನೊಂದಕ್ಕೋ ಒಂದಕ್ಕೋ ತ್ರೀ ಫೇಸ್ ಬರುತ್ತಿತ್ತು. ಎದ್ದು, ಬ್ಯಾಟರಿ ಹಾಕಿಕೊಂಡು ಬದುವಿನ ಮೇಲೆ ನಡೆದು, ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ, ನೀರನ್ನು ಮಡಿಯಿಂದ ಮಡಿಗೆ ತಿರುವುತ್ತ ಬೆಳಗು ಮಾಡಬೇಕು. ಊರಿಗೆ ಬರುತ್ತಿದ್ದ ಲೈನ್‌ಮನ್‌ಗೆ ಅವರು ಹೇಳುತ್ತಿದ್ದುದು ಒಂದೇ ಮಾತು: "ತಮ್ಮಾ, ಹಗಲೊತ್ತು ಕೊಡಿಸೋ. ಎರಡು ತಾಸು ಕಮ್ಮಿ ಕೊಟ್ರೂ ನಡೀತೈತಿ, ರಾತ್ರಿ ಹಾವು ತುಳಿಯೂದರ ತಪ್ಪತೈತಿ." ಲೈನ್‌ಮನ್ ಕೈಯಲ್ಲಿ ಏನಿತ್ತು? ಊರು ಕೇರಿ ಎಲ್ಲ ಮಲಗಿದ ಮೇಲೆ ಮಿಕ್ಕ ಕರೆಂಟಷ್ಟೇ ಪಂಪ್‌ಸೆಟ್ಟಿನ ಪಾಲು.

ಈಗ ಕರೆಂಟು ಮಿಗುವ ಹೊತ್ತು ಬದಲಾಗಿದೆ. ನಡುರಾತ್ರಿ ಮಿಗುತ್ತಿದ್ದದ್ದು ನಡುಹಗಲಿಗೆ ಬಂದಿದೆ. ಹೊತ್ತಿಗೆ ತಕ್ಕ ದರ, ಅಂದರೆ ಟೈಮ್ ಆಫ್ ಡೇ ಟ್ಯಾರಿಫ್, ಎಂಬ ಹೆಸರಿನಲ್ಲಿ ನಡೆದಿರುವ ಚರ್ಚೆಯೆಲ್ಲ ಹುಟ್ಟಿದ್ದು ಇಲ್ಲಿಂದ. ಬೆಂಗಳೂರಿನ ಸಭೆಗಳಲ್ಲಿ ಇದನ್ನು ಮನೆಯ ವಾಷಿಂಗ್ ಮಷೀನು, ಎಲೆಕ್ಟ್ರಿಕ್ ಕಾರಿನ ಲೆಕ್ಕದಲ್ಲಿ ಮಾತಾಡುತ್ತಾರೆ. ನಮ್ಮ ಭಾಗದಿಂದ ನೋಡಿದರೆ ವಿಷಯ ಬೇರೆಯೇ. ಕರೆಂಟಿನ ಹೊತ್ತನ್ನು ನಿಜಕ್ಕೂ ಬದಲಿಸಬಲ್ಲ ದೊಡ್ಡ ಕೈಗಳು ಪಂಪ್‌ಸೆಟ್ಟು, ಅಕ್ಕಿ ಗಿರಣಿ, ಊರಿನ ನೀರಿನ ಟ್ಯಾಂಕು. ದರದ ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದ ಎಂದು ನಾನು ನಂಬಿದ್ದೇನೆ.

ಹಳೆಯ ಲೆಕ್ಕ ಹೇಗಿತ್ತು ಎಂದು ಮೊದಲು ನೋಡೋಣ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದ (ಆರ್‌ಟಿಪಿಎಸ್) ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಅಲ್ಲಿ ಎಂಟು ಘಟಕ, 1,720 ಮೆಗಾವಾಟ್. ಬಳ್ಳಾರಿ ಪಕ್ಕದ ಕುಡತಿನಿಯಲ್ಲಿ 1,700, ರಾಯಚೂರು ಪಕ್ಕದ ಯರಮರಸ್‌ನಲ್ಲಿ 1,600. ರಾಜ್ಯ ಸರ್ಕಾರ ಕಲ್ಲಿದ್ದಲಿನಿಂದ ಮಾಡುವ ಕರೆಂಟೆಲ್ಲ ಈ ಎರಡು ಜಿಲ್ಲೆಯದೇ. ಕಲ್ಲಿದ್ದಲ ಬಾಯ್ಲರ್ ಮನೆಯ ಒಲೆಯಂತಲ್ಲ. ಒಮ್ಮೆ ಆರಿಸಿದರೆ ಮತ್ತೆ ಕಾಯಿಸಿ ಹದಕ್ಕೆ ತರಲು ತಾಸುಗಟ್ಟಲೆ ಹಿಡಿಯುತ್ತದೆ, ಎಣ್ಣೆ ಸುಡುತ್ತದೆ, ಕೊಳವೆಗಳು ಸವೆಯುತ್ತವೆ. ಅದಕ್ಕೇ ರಾತ್ರಿಯೂ ಅದನ್ನು ಉರಿಸುತ್ತಲೇ ಇರಬೇಕು. ಕೊಳ್ಳುವವರಿಲ್ಲದ ಆ ರಾತ್ರಿ ಕರೆಂಟನ್ನು ಖರ್ಚು ಮಾಡಿಸುವ ಸಲುವಾಗಿಯೇ ಕರ್ನಾಟಕದ ಎಚ್‌ಟಿ ಗ್ರಾಹಕರಿಗೆ, ಅಂದರೆ ಹೈ ಟೆನ್ಷನ್ ಲೈನಿನಿಂದ ಕರೆಂಟು ಪಡೆಯುವ ದೊಡ್ಡ ಬಳಕೆದಾರರಿಗೆ, ವರ್ಷಗಟ್ಟಲೆ ಒಂದು ಪದ್ಧತಿ ನಡೆದು ಬಂತು: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯುನಿಟ್‌ಗೆ ₹1 ಕಡಿಮೆ, ಸಂಜೆ 6ರಿಂದ 10ರವರೆಗೆ ₹1 ಹೆಚ್ಚು. ರೈತನಿಗೆ ದರವೇ ಇರಲಿಲ್ಲವಾದ್ದರಿಂದ ಅವನಿಗೆ ರಾತ್ರಿ ಪಾಳಿ ಸಿಕ್ಕಿತು.

ಇದರ ಮೇಲೆ ಸೌರ ವಿದ್ಯುತ್ತು ಬಂದು ಕೂತಿತು. ಪಾವಗಡದ ಸೋಲಾರ್ ಪಾರ್ಕ್ ಒಂದರದೇ 2,050 ಮೆಗಾವಾಟ್. ರಾಜ್ಯದಲ್ಲಿ ಈಗ ಸೌರ ಸಾಮರ್ಥ್ಯ 9,000 ಮೆಗಾವಾಟ್ ದಾಟಿದೆ, ಪವನ 7,000 ದಾಟಿದೆ. ಯಲಬುರ್ಗಾ, ಕುಕನೂರು ಕಡೆ ಹೋದವರಿಗೆ ಗೊತ್ತು, ಎರೆ ಹೊಲದ ನಡುವೆ ಕಣ್ಣು ಹಾಯಿಸಿದಷ್ಟು ದೂರ ಗಾಳಿಯಂತ್ರದ ರೆಕ್ಕೆಗಳು. ಬಿಸಿಲಿಗೆ, ಗಾಳಿಗೆ ಬೆಲೆ ಇಲ್ಲ. ಫಲಕ, ಕಂಬ, ಸಾಲದ ಬಡ್ಡಿ, ಇಷ್ಟೇ ಖರ್ಚು. ಹೂಡಿಕೆ ಮುಗಿದ ಮೇಲೆ ಇನ್ನೊಂದು ಯುನಿಟ್ ಹೆಚ್ಚು ಮಾಡಲು ಪೈಸೆಯೂ ಬೀಳದು. 2020ರ ಡಿಸೆಂಬರಿನಲ್ಲಿ ಗುಜರಾತಿನ ಒಂದು ಹರಾಜಿನಲ್ಲಿ ಸೌರ ವಿದ್ಯುತ್ತು ಯುನಿಟ್‌ಗೆ ₹1.99ಕ್ಕೆ ಇಳಿದಿತ್ತು.

ತೊಡಕು ಇರುವುದು ಹೊತ್ತಿನಲ್ಲಿ. ಬಳ್ಳಾರಿ, ಕೊಪ್ಪಳದ ಈರುಳ್ಳಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರ ಹೊಲದಲ್ಲೂ ಒಂದೇ ವಾರ ಈರುಳ್ಳಿ ಕಿತ್ತು, ಎಲ್ಲರ ಲಾರಿಯೂ ಒಂದೇ ದಿನ ಎಪಿಎಂಸಿ ಗೇಟಿಗೆ ಬಂದರೆ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಎರಡು ತಿಂಗಳ ನಂತರ ಅದೇ ಈರುಳ್ಳಿಗೆ ಜನ ಹುಡುಕಾಡುತ್ತಾರೆ. ಸೌರ ಫಲಕಗಳೆಲ್ಲ ಒಂದೇ ಸೂರ್ಯನಿಗೆ ಮುಖ ಮಾಡಿವೆ. ಎಲ್ಲವೂ ಹತ್ತು ಗಂಟೆಗೆ ಮೈದುಂಬಿ, ಮಧ್ಯಾಹ್ನ ಉಕ್ಕಿ, ಐದರ ಹೊತ್ತಿಗೆ ಇಳಿದುಬಿಡುತ್ತವೆ. ಹೊಸದಾಗಿ ಸೇರುವ ಪ್ರತಿ ಫಲಕವೂ ಮಧ್ಯಾಹ್ನದ ಕರೆಂಟನ್ನೇ ಇನ್ನಷ್ಟು ಅಗ್ಗ ಮಾಡುತ್ತದೆ, ಸಂಜೆ ಏಳರ ಕತ್ತಲಿಗೆ ಅದರಿಂದ ಒಂದು ಯುನಿಟ್ ಸಹಾಯವೂ ಆಗದು.

ದೇಶದ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಅಲ್ಲಿ ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ ಒಂದೊಂದಕ್ಕೂ ಬೇರೆ ಬೆಲೆ ಕಟ್ಟುತ್ತಾರೆ. ಬೆಲೆ ತೀರಾ ಏರದಂತೆ 2022ರ ಏಪ್ರಿಲ್‌ನಲ್ಲಿ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಯುನಿಟ್‌ಗೆ ₹12ರ ಮಿತಿ ಹಾಕಿತು, ಮರುವರ್ಷ ₹10ಕ್ಕೆ ಇಳಿಸಿತು. ಸಂಜೆ ಹೊತ್ತು ಆ ಮಿತಿಯನ್ನು ಮುಟ್ಟಿದ ದಿನಗಳಿವೆ. 2025ರ ಮೇ ತಿಂಗಳ ಒಂದು ಭಾನುವಾರ ಹಗಲಿನಲ್ಲಿ ಬೆಲೆ ಸೊನ್ನೆಯ ಹತ್ತಿರಕ್ಕೆ ಬಿದ್ದದ್ದೂ ಇದೆ. ಅದೇ ತಂತಿ, ಅದೇ ಯುನಿಟ್, ಹೊತ್ತು ಮಾತ್ರ ಬೇರೆ.

ಈ ಮಾರುಕಟ್ಟೆಗೆ ನಾವು ಜೋಡಿಯಾದದ್ದೂ ರಾಯಚೂರಿನ ಮೂಲಕವೇ. 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತವೆಲ್ಲ ಕತ್ತಲಾದಾಗ ದಕ್ಷಿಣದ ಗ್ರಿಡ್ ಬೇರೆಯಾಗಿದ್ದರಿಂದ ನಮಗೆ ಬಿಸಿ ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನಿನಲ್ಲಿ ಕರೆಂಟು ಹರಿದಾಗ ದಕ್ಷಿಣವೂ ಉತ್ತರವೂ ಒಂದೇ ಲಯಕ್ಕೆ ಬಂದವು. ಅದಕ್ಕೂ ಮುಂಚೆ ದಕ್ಷಿಣದಲ್ಲಿ ಕೊರತೆಯಾದರೆ ಉತ್ತರದಿಂದ ತರಲು ದಾರಿ ಕಿರಿದಾಗಿತ್ತು, ಇಲ್ಲಿನ ಬೆಲೆ ಅಲ್ಲಿಗಿಂತ ಬಹಳ ಹೆಚ್ಚಿರುತ್ತಿತ್ತು. ಲೈನು ಹೆಚ್ಚಿದಂತೆ ಊರೂರಿನ ಬೆಲೆಯ ಅಂತರ ಕರಗಿತು. ಹೊತ್ತು ಹೊತ್ತಿನ ಬೆಲೆಯ ಅಂತರ ಕರಗಲಿಲ್ಲ, ಅದು ಬೆಳೆಯುತ್ತಿದೆ.

"ಮಧ್ಯಾಹ್ನ ಅಷ್ಟು ಸೌರ ವಿದ್ಯುತ್ತು ಇದ್ದರೆ ಆರ್‌ಟಿಪಿಎಸ್ ಯಾಕೆ ಉರೀತದ?" ಎಂದು ರಾಯಚೂರಿನ ಗೆಳೆಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸಂಜೆ ಏಳಕ್ಕೆ ಆ ಘಟಕ ಬೇಕೆಂದರೆ ಮಧ್ಯಾಹ್ನವೂ ಅದನ್ನು ಸಣ್ಣ ಉರಿಯಲ್ಲಿ ಇಟ್ಟುಕೊಂಡಿರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮದ ಪ್ರಕಾರ ಕಲ್ಲಿದ್ದಲ ಘಟಕಗಳು ತಮ್ಮ ಸಾಮರ್ಥ್ಯದ ಶೇ 55ರವರೆಗೆ ಇಳಿಯಬಲ್ಲಂತಿರಬೇಕು, ಮುಂದೆ ಹಂತಹಂತವಾಗಿ ಶೇ 40ಕ್ಕೆ. 210 ಮೆಗಾವಾಟ್‌ನ ಘಟಕ ಶೇ 55ಕ್ಕೆ ಇಳಿದರೂ ಸುಮಾರು 115 ಮೆಗಾವಾಟ್ ಬಂದೇ ಬರುತ್ತದೆ. ಸಣ್ಣ ಉರಿಯಲ್ಲಿ ಯುನಿಟ್ ಒಂದಕ್ಕೆ ಹಿಡಿಯುವ ಕಲ್ಲಿದ್ದಲೂ ಹೆಚ್ಚು. ಹಾಗಾಗಿ ಸಂಜೆಯ ಕರೆಂಟು ದುಬಾರಿ ಎಂದಾಗ ಸಂಜೆ ಸುಟ್ಟ ಕಲ್ಲಿದ್ದಲಷ್ಟೇ ಲೆಕ್ಕವಲ್ಲ. ಅದಕ್ಕಾಗಿ ಹಗಲೆಲ್ಲ ಕಾಯುತ್ತ ಸುಟ್ಟದ್ದೂ ಸೇರಬೇಕು. ಮುಂಗಾರಿನಲ್ಲಿ ಗಾಳಿ ಎದ್ದು, ಶರಾವತಿ ತುಂಬಿ, ಪಂಪ್‌ಸೆಟ್ಟುಗಳು ನಿಂತಾಗ ಶಕ್ತಿನಗರದಲ್ಲಿ ಘಟಕಕ್ಕೆ ಘಟಕವೇ ಬಂದ್ ಆಗುತ್ತದೆ. ಆಗಲೂ ಅದರ ಸ್ಥಿರ ವೆಚ್ಚ, ಅಂದರೆ ಸಾಲ, ಸಂಬಳ, ನಿರ್ವಹಣೆ ನಿಲ್ಲುವುದಿಲ್ಲ. ಅದೆಲ್ಲ ಬಿಲ್ಲಿಗೇ ಬರುತ್ತದೆ. ಸೌರ ವಿದ್ಯುತ್ತು ಅಷ್ಟು ಅಗ್ಗವಾದರೂ ಬಿಲ್ಲು ಯಾಕೆ ಇಳಿಯಲಿಲ್ಲ ಎನ್ನುವವರಿಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ.

ಗಾಳಿಯ ಬಗ್ಗೆ ಇನ್ನೊಂದು ಮಾತು. ನಮ್ಮ ಕಡೆ ಗಾಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು, ಅದೂ ಸಂಜೆ, ರಾತ್ರಿ ಹೊತ್ತು. ಸೂರ್ಯ ಬಿಟ್ಟ ಜಾಗವನ್ನು ಆ ನಾಲ್ಕು ತಿಂಗಳು ಗಾಳಿ ತುಂಬುತ್ತದೆ. ಬೇಡಿಕೆ ಏರುವುದು ಮಾತ್ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಗಾಳಿ ಸತ್ತಿರುವಾಗ. 2024ರ ಮಾರ್ಚ್‌ನಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವಾಟ್ ದಾಟಿತ್ತು. ಆಷಾಢದ ಸಂಜೆಗೂ ಯುಗಾದಿಯ ಸಂಜೆಗೂ ಒಂದೇ ದರ ಹಾಕಿದರೆ ಅರ್ಧ ಲೆಕ್ಕ ತಪ್ಪಿದಂತೆ. ದರ ಬದಲಾಗುವುದೇ ಆದರೆ ಗಡಿಯಾರದ ಜೊತೆ ಪಂಚಾಂಗವನ್ನೂ ನೋಡಬೇಕು.

ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿತು. ದಿನಕ್ಕೆ ಎಂಟು ತಾಸು ಸೌರ ಅವಧಿ ಎಂದು ಆಯಾ ರಾಜ್ಯದ ಆಯೋಗ ಗುರುತಿಸಬೇಕು. ಆ ಅವಧಿಯಲ್ಲಿ ದರ ಸಾಮಾನ್ಯಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕು. ಗರಿಷ್ಠ ಬೇಡಿಕೆಯ ಅವಧಿಯಲ್ಲಿ ಉದ್ಯಮ, ವಾಣಿಜ್ಯಕ್ಕೆ ಕನಿಷ್ಠ 1.2 ಪಟ್ಟು, ಉಳಿದವರಿಗೆ 1.1 ಪಟ್ಟು. 10 ಕಿಲೋವಾಟ್ ಮೀರಿದ ಉದ್ಯಮ, ವಾಣಿಜ್ಯ ಗ್ರಾಹಕರಿಗೆ 2024ರ ಏಪ್ರಿಲ್‌ನಿಂದ, ಕೃಷಿ ಬಿಟ್ಟು ಮಿಕ್ಕವರಿಗೆ 2025ರ ಏಪ್ರಿಲ್‌ನಿಂದ. ಸ್ಮಾರ್ಟ್ ಮೀಟರ್ ಕೂರಿಸಿದ ಮೇಲೆ ಇದು ಜಾರಿಯಾಗಬೇಕು, ಏಕೆಂದರೆ ತಿಂಗಳಿಗೊಮ್ಮೆ ಓದುವ ಹಳೆಯ ಮೀಟರಿಗೆ ಮಧ್ಯಾಹ್ನ, ಸಂಜೆ ಗೊತ್ತಿಲ್ಲ.

ಕಾರಟಗಿಯ ಪರಿಚಯದ ಅಕ್ಕಿ ಗಿರಣಿಯೊಂದರಲ್ಲಿ ಕೂತು ಇದರ ಲೆಕ್ಕ ಹಾಕಿ ನೋಡಿದೆವು. ಸುಗ್ಗಿಯ ದಿನ. ಅಂಗಳದಲ್ಲಿ ಸೋನಾ ಮಸೂರಿ ಭತ್ತದ ಚೀಲದ ನಿಟ್ಟು, ಒಳಗೆ ಹೊಟ್ಟಿನ ಧೂಳು ಎಷ್ಟಿತ್ತೆಂದರೆ ಮೀಟರ್ ಪೆಟ್ಟಿಗೆಯ ಗಾಜನ್ನು ಹಮಾಲರೊಬ್ಬರು ಟವೆಲ್‌ನಿಂದ ಒರೆಸಿದ ಮೇಲೆ ಅಂಕಿ ಕಂಡವು. ಮಾಲೀಕರು ನೋಟ್‌ಬುಕ್ಕಿನಲ್ಲಿ ಗೀಟು ಎಳೆದರು. ಲೆಕ್ಕ ಸುಲಭವಾಗಲೆಂದು ಯುನಿಟ್ ದರ ₹7, ಮೋಟಾರ್‌ಗಳ ಹೊರೆ 100 ಕಿಲೋವಾಟ್ ಎಂದು ಇಟ್ಟುಕೊಂಡೆವು. ಸೌರ ಅವಧಿಯ ದರ ₹5.60, ಸಂಜೆಯದು ₹8.40. ಸಂಜೆಯ ನಾಲ್ಕು ತಾಸಿನ ಕೆಲಸವನ್ನು ಹಗಲಿಗೆ ಎಳೆದರೆ ದಿನಕ್ಕೆ 400 ಯುನಿಟ್, ಒಂದೊಂದಕ್ಕೆ ₹2.80, ಒಟ್ಟು ₹1,120. ತಿಂಗಳಲ್ಲಿ 25 ದಿನ ಗಿರಣಿ ನಡೆದರೆ ₹28,000. ಸಣ್ಣ ಗಿರಣಿಗೆ ಇದು ಹಗುರವಾದ ಮೊತ್ತವಲ್ಲ.

ಆಮೇಲೆ ಮಾಲೀಕರು ಇನ್ನೊಂದು ಗೀಟು ಎಳೆದರು. ಸುಗ್ಗಿಯಲ್ಲಿ ಗಿರಣಿ ಹಗಲೂ ರಾತ್ರಿ ನಡೆಯುತ್ತದೆ. ಆಗ ಸಂಜೆಯ ಕೆಲಸವನ್ನು ಎಳೆಯಲು ಹಗಲಿನಲ್ಲಿ ಖಾಲಿ ಜಾಗವೇ ಇಲ್ಲ. ಎಳೆಯಬೇಕೆಂದರೆ ಇನ್ನೊಂದು ಪಾಲಿಶ್ ಯಂತ್ರ, ಅಕ್ಕಿಯನ್ನು ಬಣ್ಣ ನೋಡಿ ಆರಿಸುವ ಇನ್ನೊಂದು ಸಾರ್ಟೆಕ್ಸ್ ಯಂತ್ರ ಬೇಕು, ಮಂಜೂರಾದ ಹೊರೆ ಹೆಚ್ಚಬೇಕು. ಹೊರೆ ಹೆಚ್ಚಿದರೆ ತಿಂಗಳ ಡಿಮ್ಯಾಂಡ್ ಚಾರ್ಜೂ, ಅಂದರೆ ಯುನಿಟ್ ಲೆಕ್ಕದ ಹೊರತಾಗಿ ಹೊರೆಯ ಮೇಲೆ ಕಟ್ಟುವ ಶುಲ್ಕವೂ, ಏರುತ್ತದೆ. "ಎಡಗೈಲೆ ಕೊಟ್ಟು ಬಲಗೈಲೆ ಇಸ್ಕೊಂಡಂಗ ಆಗತೈತ್ರಿ" ಎಂದರು. ಅವರ ಮಾತು ಸರಿ ಇದೆ. ಹೊತ್ತು ನೋಡಿ ಬೆಲೆ ಹಾಕುವುದು ಯುನಿಟ್ ದರಕ್ಕೆ ಮಾತ್ರ. ಹಗಲಿನಲ್ಲೇ ಹೆಚ್ಚು ಎಳೆದುಕೊಳ್ಳುವ ಗಿರಣಿಗೆ ಡಿಮ್ಯಾಂಡ್ ಚಾರ್ಜಿನಲ್ಲೂ ಹೊತ್ತಿನ ಲೆಕ್ಕ ಬರಬೇಕು: ಸಂಜೆಯ ಗರಿಷ್ಠ ಹೊರೆಗೆ ಪೂರ್ತಿ, ಸೌರ ಅವಧಿಯ ಗರಿಷ್ಠ ಹೊರೆಗೆ ಕಡಿಮೆ. ಹಾಗಾದರೆ ಸಿಂಧನೂರು, ಮಾನ್ವಿ, ಗಂಗಾವತಿಯ ಗಿರಣಿಗಳು ಸುಗ್ಗಿ ಮುಗಿದ ತಿಂಗಳುಗಳಲ್ಲಾದರೂ ಹಗಲಿಗೆ ಬರುತ್ತವೆ. ರಾತ್ರಿ ಪಾಳಿಗೆ ಬರಲಾಗದ ಹೆಣ್ಣುಮಕ್ಕಳಿಗೂ ಕೆಲಸ ಸಿಗುತ್ತದೆ, ಈ ಲಾಭವನ್ನು ಯಾವ ದರಪಟ್ಟಿಯೂ ಎಣಿಸುವುದಿಲ್ಲ.

ಊರಿನ ನೀರಿನ ಪಂಪುಗಳದು ಇನ್ನೂ ಸಲೀಸು. ನದಿಯಿಂದ, ಬೋರಿನಿಂದ ನೀರೆತ್ತಿ ಓವರ್‌ಹೆಡ್ ಟ್ಯಾಂಕಿಗೆ ತುಂಬುವ ಕೆಲಸಕ್ಕೆ ಸಂಜೆಯೇ ಆಗಬೇಕೆಂಬ ಹಟವಿಲ್ಲ. ಹಗಲು ತುಂಬಿ, ಬೆಳಿಗ್ಗೆ ಬಿಟ್ಟರೆ ಆಯಿತು. ಟ್ಯಾಂಕು ಸ್ವಲ್ಪ ದೊಡ್ಡದಿರಬೇಕು, ಅಷ್ಟೇ. ಸ್ಥಳೀಯ ಸಂಸ್ಥೆಗಳ ವಿದ್ಯುತ್ ಬಾಕಿ ಬೆಟ್ಟದಷ್ಟು ಬೆಳೆದಿರುವಾಗ ಈ ಕೆಲಸವನ್ನು ಇನ್ನೂ ಎಲ್ಲೆಡೆ ಮಾಡದಿರುವುದು ನನಗೆ ನೋವಿನ ಸಂಗತಿ.

ಹೊತ್ತು ಬದಲಿಸಲಾಗದವರ ಕಡೆಗೂ ನೋಡಬೇಕು. ಏಪ್ರಿಲ್‌ನಲ್ಲಿ ರಾಯಚೂರಿನ ಸಂಜೆ ಎಂಟಕ್ಕೆ ಆರ್‌ಸಿಸಿ ಮನೆಯ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಕೂಸು ಮಲಗಿಸಿದ ತಾಯಿಗೆ "ಕೂಲರನ್ನು ಮಧ್ಯಾಹ್ನ ಹಾಕಿಕೊಳ್ಳಮ್ಮ, ಅಗ್ಗ" ಎನ್ನಲಾದೀತೆ? ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಯುವವರು ಹಬ್ಬದ ಮುಂಚೆ ರಾತ್ರಿ ಹತ್ತರವರೆಗೂ ಮಷೀನು ಬಿಡುವುದಿಲ್ಲ. ದುಬಾರಿ ಸಂಜೆಯ ಹೊರೆ ಮಾಲೀಕರ ಬಿಲ್ಲಿನಿಂದ ಹೊಲಿಯುವವರ ಪೀಸ್ ದರಕ್ಕೆ ಇಳಿಯಲು ಬಹಳ ದಿನ ಬೇಕಿಲ್ಲ. 2023ರ ಜುಲೈನಿಂದ ಗೃಹಜ್ಯೋತಿಯಲ್ಲಿ 200 ಯುನಿಟ್‌ವರೆಗೆ ಉಚಿತವಿರುವುದರಿಂದ ಬಹುಪಾಲು ಬಡ ಮನೆಗಳಿಗೆ ಸಂಜೆ ದರ ತಟ್ಟುವುದಿಲ್ಲ. ಬಿಲ್ಲು ಸೊನ್ನೆ ಇರುವಲ್ಲಿ ಹೊತ್ತಿನ ದರಕ್ಕೆ ಅರ್ಥವೂ ಇಲ್ಲ. ಕೆಲವರು ಇದನ್ನೇ ದೋಷ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡು ಫ್ಯಾನು, ನಾಲ್ಕು ಬಲ್ಬಿನ ಮನೆಯನ್ನು ಹಿಂಡಿ ಸಂಜೆಯ ಬೇಡಿಕೆಯನ್ನು ತಗ್ಗಿಸುವ ಅಗತ್ಯ ಈ ರಾಜ್ಯಕ್ಕಿಲ್ಲ.

ಮಾರುಕಟ್ಟೆಯ ಬೆಲೆಯನ್ನು ಹಾಗೆ ಹಾಗೇ ಮನೆಗೆ ದಾಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟೆಕ್ಸಾಸ್ ಸಾಕ್ಷಿ. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಅಲ್ಲಿ ಬೆಲೆ ಯುನಿಟ್‌ಗೆ 9 ಡಾಲರ್ ಮುಟ್ಟಿತು, ಆ ಬೆಲೆಗೆ ನೇರ ಜೋಡಿಸಿಕೊಂಡಿದ್ದ ಕುಟುಂಬಗಳಿಗೆ ಸಾವಿರಾರು ಡಾಲರ್ ಬಿಲ್ಲು ಬಂತು. ಆಸ್ಟ್ರೇಲಿಯಾ ಬೇರೆ ದಾರಿ ಹಿಡಿದಿದೆ. ಅಲ್ಲಿ ಮಧ್ಯಾಹ್ನ ಮೂರು ತಾಸು ಮನೆಗಳಿಗೆ ಉಚಿತ ಕರೆಂಟು ಕೊಡುವ ಯೋಜನೆಯನ್ನು 2025ರಲ್ಲಿ ಸರ್ಕಾರ ಪ್ರಕಟಿಸಿತು. ದಂಡಕ್ಕಿಂತ ಮೊದಲು ರಿಯಾಯಿತಿ, ಇದು ನಮಗೂ ಒಗ್ಗುವ ಕ್ರಮ.

ಮತ್ತೆ ಪಂಪ್‌ಸೆಟ್ಟಿಗೆ ಬರುತ್ತೇನೆ, ಏಕೆಂದರೆ ದೊಡ್ಡ ಬದಲಾವಣೆ ಆದದ್ದು ಅಲ್ಲಿಯೇ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್ಟುಗಳಿವೆ, 10 ಎಚ್‌ಪಿವರೆಗೆ ಕರೆಂಟು ಉಚಿತ. ದರವೇ ಇಲ್ಲದ ಮೇಲೆ ದರದಿಂದ ಹೊತ್ತು ಬದಲಿಸುವ ಪ್ರಶ್ನೆಯಿಲ್ಲ. ಆದರೆ ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನು) ಬೇರೆ, ಹೊಲದ ಫೀಡರ್ ಬೇರೆ ಮಾಡಿದ್ದರಿಂದ ಸಬ್‌ಸ್ಟೇಷನ್ನಿನ ಒಂದು ಸ್ವಿಚ್ಚಿನಿಂದ ಸಾವಿರಾರು ಪಂಪುಗಳ ಹೊತ್ತು ತಿರುಗಿಸಬಹುದು. ಸೌರ ವಿದ್ಯುತ್ತು ಬಂದಂತೆ ಹೊಲದ ತ್ರೀ ಫೇಸನ್ನು ಹಗಲಿಗೆ ತರುತ್ತ ಬಂದರು. ಮಿಕ್ಕ ಸೌರ ವಿದ್ಯುತ್ತನ್ನು ಕುಡಿಯುವ ದೊಡ್ಡ ಬಾಯಿ ಸಿಕ್ಕಿತು. ಇಲ್ಲದಿದ್ದರೆ ಆ ಕರೆಂಟನ್ನು ಸೊನ್ನೆ ಬೆಲೆಗೆ ಮಾರಬೇಕಿತ್ತು, ಇಲ್ಲವೇ ಸೌರ ಘಟಕಗಳನ್ನೇ ನಿಲ್ಲಿಸಬೇಕಿತ್ತು. ರೈತ ಹತ್ತಾರು ವರ್ಷ ಬೇಡಿದ್ದು ಗ್ರಿಡ್ಡಿಗೂ ಲಾಭದ್ದಾಯಿತು. ಪಿಎಂ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೌರ ಘಟಕ ಹಾಕಿ ಹೊಲದ ಫೀಡರಿಗೆ ಜೋಡಿಸುವುದು ಇದರ ಮುಂದಿನ ಹೆಜ್ಜೆ.

ಇದರಲ್ಲಿ ಒಂದು ಅಪಾಯವಿದೆ. ಹಗಲು ಏಳು ತಾಸು ಉಚಿತ ಕರೆಂಟು ಬಂದು ಆಟೊ ಸ್ಟಾರ್ಟರ್ ಹಾಕಿದ ಬೋರು ತಾನೇ ಓಡತೊಡಗಿದರೆ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರಿನ ಅಂತರ್ಜಲದ ಗತಿ ಏನು? ರಾತ್ರಿ ಪಾಳಿಯಲ್ಲಿ ಎದ್ದು ಹೋಗುವ ಕಷ್ಟವೇ ಒಂದು ಕಡಿವಾಣವಾಗಿತ್ತು ಎಂದು ವಾದಿಸುವವರಿದ್ದಾರೆ. ಹಾವು ತುಳಿಸಿ ನೀರು ಉಳಿಸುವ ನೀತಿಯನ್ನು ನಾನು ಒಪ್ಪಲಾರೆ. ಅದರ ಬದಲು ಉಳಿಸಿದವರಿಗೆ ಕೊಡಬೇಕು. ಫೀಡರಿನ ಪ್ರತಿ ಪಂಪಿಗೂ ಮೀಟರ್ ಇಟ್ಟು, ಇಂತಿಷ್ಟು ಯುನಿಟ್ ನಿಮ್ಮ ಪಾಲು, ಅದರಲ್ಲಿ ಉಳಿಸಿದ್ದಕ್ಕೆ ಹಣ ಖಾತೆಗೆ ಎಂದರೆ ಹನಿ ನೀರಾವರಿ ಹಾಕಿದ ದಾಳಿಂಬೆ ಬೆಳೆಗಾರನಿಗೆ ಅದು ಎರಡನೇ ಬೆಳೆ. ಮೀಟರ್ ಎಂದರೆ ಬಿಲ್ಲು ಬರುತ್ತದೆಂಬ ಹೆದರಿಕೆ ನಮ್ಮೂರುಗಳಲ್ಲಿ ಆಳವಾಗಿದೆ, ಆ ಹೆದರಿಕೆಗೆ ಕಾರಣವೂ ಇದೆ. ಉಚಿತದ ಪಾಲನ್ನು ಆದೇಶದಲ್ಲಿ ಬರೆದುಕೊಡದೆ ಮೀಟರ್ ಹಿಡಿದು ಹೊಲಕ್ಕೆ ಹೋಗಬಾರದು.

ಗ್ರಿಡ್ಡಿನ ಕರೆಂಟನ್ನು ಕೂಡಿಡುವ ದೊಡ್ಡ ಬ್ಯಾಟರಿಯ ವಿಷಯಕ್ಕೆ ಬಳ್ಳಾರಿಯ ಮೆಣಸಿನಕಾಯಿ ಬೆಳೆಗಾರರ ಉದಾಹರಣೆ ಸಾಕು. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾರೆ, ಏರಿದಾಗ ತೆಗೆಯುತ್ತಾರೆ. ಬಾಡಿಗೆ ಕಳೆದು ಉಳಿದದ್ದು ಲಾಭ. ಮಧ್ಯಾಹ್ನ ತುಂಬಿ ಸಂಜೆ ಮಾರುವ ಬ್ಯಾಟರಿಯ ವ್ಯಾಪಾರವೂ ಇದೇ. ನೀರನ್ನು ಹಗಲು ಮೇಲೆತ್ತಿ ಸಂಜೆ ಕೆಳಗೆ ಬಿಡುವ ಪಂಪ್ಡ್ ಸ್ಟೋರೇಜ್ ಕೂಡ ಅದೇ ಲೆಕ್ಕದ್ದು. ಶರಾವತಿಯಲ್ಲಿ ಉದ್ದೇಶಿಸಿರುವ 2,000 ಮೆಗಾವಾಟ್ ಯೋಜನೆಗೆ ಘಟ್ಟದ ಕಾಡಿನ ಕಾರಣಕ್ಕೆ ದೊಡ್ಡ ವಿರೋಧವಿದೆ. ಗಿರಣಿ, ಪಂಪು, ನೀರಿನ ಟ್ಯಾಂಕುಗಳು ಹಗಲಿಗೆ ಬಂದಷ್ಟೂ ಅಂಥ ಸಂಗ್ರಹಕ್ಕೆ ಬೇಕಾದ ಬಂಡವಾಳ ಕಡಿಮೆಯಾಗುತ್ತದೆ. ಹಾಗಾಗಿ ಅಕ್ಕಿ ಗಿರಣಿಯವರಿಗೆ ಕೊಡುವ ರಿಯಾಯಿತಿ ದಾನವಲ್ಲ, ಕಟ್ಟದೆ ಉಳಿದ ಬ್ಯಾಟರಿಯ ಹಣದ ಒಂದು ಪಾಲು.

ವಿದ್ಯುತ್ ಕಂಪನಿಗಳ ಭಯವೂ ಸುಳ್ಳಲ್ಲ. ಹಗಲಿನಲ್ಲಿ ರಿಯಾಯಿತಿ ಕೊಟ್ಟು, ಸಂಜೆ ಯಾರೂ ಬಳಸದಿದ್ದರೆ ಆದಾಯ ಎಲ್ಲಿಂದ? ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ದೊಡ್ಡವರಿಗೆ ಸ್ವಂತ ವಿದ್ಯುತ್ ಇದೆ. ಉಳಿದ ದೊಡ್ಡವರೂ ಹಗಲಿನ ಅಗ್ಗದ ಸೌರವನ್ನು ತಾವೇ ಮಾಡಿಕೊಂಡು, ಸಂಜೆಗೆ ಮಾತ್ರ ಗ್ರಿಡ್ಡಿನತ್ತ ಕೈ ಚಾಚುತ್ತಾರೆ. ಹಗಲಿನ ದರ ಇಳಿಸದಿದ್ದರೆ ಅವರೆಲ್ಲ ಹೇಗೂ ಹೋಗುವವರೇ, ಇಳಿಸಿದರೆ ಒಂದಷ್ಟು ಜನ ಉಳಿಯುತ್ತಾರೆ.

ದರ ಪರಿಷ್ಕರಣೆಯ ಮುಂಚೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳು ಕಲಬುರಗಿಯ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂಗೆ ಸೇರಿವೆ. ಲಿಖಿತ ಆಕ್ಷೇಪಣೆ ಯಾರು ಬೇಕಾದರೂ ಕೊಡಬಹುದು. ಕಾರಟಗಿಯ ಗಿರಣಿ ಮಾಲೀಕರು ಸೌರ ಅವಧಿಯ ಡಿಮ್ಯಾಂಡ್ ಚಾರ್ಜಿನ ಬಗ್ಗೆ ಒಂದು ಪುಟ ಬರೆದಿಟ್ಟಿದ್ದಾರೆ. ನಮ್ಮೂರ ಹುಡುಗರು ಇನ್ನೊಂದು ಪುಟ ಬರೆದಿದ್ದಾರೆ: ಹೊಲದ ಫೀಡರಿನ ಏಳೂ ತಾಸು ಹಗಲಿಗೇ ಬರಲಿ, ವೇಳಾಪಟ್ಟಿ ಬದಲಾಗುವುದಿದ್ದರೆ ಒಂದು ವಾರ ಮುಂಚೆ ತಿಳಿಸಲಿ, ಬೇಸಿಗೆಯ ನೆಪದಲ್ಲಿ ಮತ್ತೆ ರಾತ್ರಿ ಪಾಳಿಗೆ ತಳ್ಳುವುದು ಬೇಡ. ದೊಡ್ಡಪ್ಪನಿಗೆ ಓದಿ ಹೇಳಿದೆವು. ಎಂಬತ್ತರ ಮುದುಕ ಪೂರಾ ಕೇಳಿ, ಪೆನ್ನು ಇಸಿದುಕೊಂಡು, ಎಲ್ಲರ ಹೆಸರಿಗಿಂತ ಮೇಲೆ ತನ್ನ ಸಹಿ ಹಾಕಿದ.